ಹಗ್ಗ ಮೊದಲು ಬಿಚ್ಚಿದವನು

ಕಟ್ಟುವ ಕೆಲಸಕ್ಕೆ ಕರೆಯಿರಿ, ಬರುತ್ತೇನೆ. ಬಿಚ್ಚುವ ಕೆಲಸಕ್ಕೆ ಮಾತ್ರ ದಯವಿಟ್ಟು ಕರೆಯಬೇಡಿ. ಮದುವೆಮನೆಯ ಹಂದರ ಇಳಿಸುವಾಗ ಮೊದಲು ಕಂಬ ಕಿತ್ತು, ಮೇಲಿನ ಬಟ್ಟೆಯನ್ನು ಬೀಗರ ತಲೆಯ ಮೇಲೆ ಕೆಡವಿದವನು ನಾನು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅದು ನನ್ನ ಹೊಟ್ಟೆಪಾಡಿನ ಕೆಲಸದೊಳಗೂ ಬಂದು ಕೂತಿದೆಯೆಂದು ತಿಳಿಯಲು ನಲವತ್ತು ದಾಟಬೇಕಾಯಿತು.

ರಬಕವಿಯ ನಮ್ಮ ಮನೆಯಲ್ಲೇ ಕೂತು, ಪವರ್‌ಲೂಮ್ ಮಾಲಕರಿಗಾಗಿ ಸೀರೆಯ ಅಂಚಿನ ಚಿತ್ರ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಮ್ ಒಂದನ್ನು ಬರೆದಿದ್ದೆ. ಚಿತ್ರ ಬಿಡಿಸುವವರೆಗೆ ಅದರಷ್ಟು ಸಾಧು ಇನ್ನೊಂದಿಲ್ಲ. ಮುಚ್ಚಹೋದರೆ ಮಾತ್ರ ಕುಸಿದು ಬೀಳುತ್ತಿತ್ತು. ಬನಹಟ್ಟಿಯ ಮಾಲಕರೊಬ್ಬರು ಫೋನ್ ಮಾಡಿ, "ನಿಮ್ಮ ಪ್ರೋಗ್ರಾಮ್ ಬರೂದೇನೋ ಛಲೋ ಬರ್ತೈತ್ರಿ, ಹೋಗೂವಾಗ ಜಗಳಾ ಮಾಡಿ ಹೋಗತೈತ್ರಿ" ಎಂದರು. ನಾಲ್ಕು ದಿನ ಸಾಲುಸಾಲಾಗಿ ಓದಿದೆ. ತಪ್ಪು ಸಿಗಲಿಲ್ಲ, ಸಿಟ್ಟು ಬಂತು.

ಸಿಟ್ಟು ಬಂದಾಗ ನನಗೆ ಮನೆ ಇಕ್ಕಟ್ಟೆನಿಸುತ್ತದೆ. ನಡುಮನೆಯ ತುಂಬ ಅವ್ವನ ಕೈಮಗ್ಗ, ಅದರ ಮಗ್ಗುಲಲ್ಲಿ ಮುದುಡಿಕೊಂಡು ನನ್ನ ಕಂಪ್ಯೂಟರ್. ಅವ್ವನಿಗೆ ಮೊಣಕಾಲು ನೋವು. "ಇದೊಂದ ಸೀರಿ ಮುಗೀಲಿ, ಮಗ್ಗ ತಗದ ಬಿಡೂಣು" ಎಂದು ಆಕೆಯೇ ಹೇಳಿದ್ದಳು. ಆ ಸೀರೆ ನನ್ನ ಮಗಳಿಗೆ, ಅವಳು ಉಡಲಿರುವ ಮೊದಲ ಸೀರೆ. ಅರ್ಧ ಆಗಿತ್ತು. ಅವ್ವ ತನ್ನ ತಂಗಿಯನ್ನು ನೋಡಲು ಚಿಮ್ಮಡಕ್ಕೆ ಹೋದ ದಿನ, ಸೀರೆಯ ಸಮೇತ ಮಗ್ಗವನ್ನು ಹಿತ್ತಲ ಕೋಣೆಗೆ ಸಾಗಿಸಿ ಉಪಕಾರ ಮಾಡಲು ಹೊರಟೆ. ಎಳೆಗಳನ್ನು ಹಿಂದಿನಿಂದ ಬಿಗಿಹಿಡಿದ ಹಗ್ಗವನ್ನೇ ಮೊದಲು ಬಿಚ್ಚಿದೆ. ಎಳೆಗಳೆಲ್ಲ ಜೋತುಬಿದ್ದು ಒಂದರೊಳಗೊಂದು ಹೊಕ್ಕವು. ಗಾಬರಿಯಿಂದ ಜಗ್ಗಿದೆ, ಎಷ್ಟೋ ಹರಿದೇ ಹೋದವು.

ಸಂಜೆ ಅವ್ವ ಬಂದು ಚೀಲ ಇಳಿಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕೂತು, ಗಂಟುಬಿದ್ದ ಎಳೆಗಳನ್ನು ಬೆರಳಿನಿಂದ ಸವರುತ್ತ, "ಹಗ್ಗ ಯಾಕ ಬಿಚ್ಚಿದಿ ತಮ್ಮಾ?" ಎಂದಳು. "ಎಲ್ಲಾ ಅದರ ಮ್ಯಾಲ ನಿಂತಿರತೈತಿ. ಮದ್ಲ ಸೀರಿ ಮುಗಿಸಿ ಕೊಯ್ಕೋಬೇಕು, ಉಳದ ಎಳಿ ಸುತ್ತಿಡಬೇಕು, ಆಮ್ಯಾಲ ಹಗ್ಗ. ಕಡೀಕ ಕಟ್ಟಿದ್ದು ಮದ್ಲ ಬಿಚ್ಚಬೇಕು."

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ನಾನು ಎದ್ದು ಕಂಪ್ಯೂಟರಿನ ಮುಂದೆ ಕೂತೆ. ಒಳ್ಳೆಯ ಮಗನಾದವನು ಮೊದಲು ಅವ್ವನ ಪಕ್ಕ ಕೂರುತ್ತಿದ್ದ, ಅಲ್ಲಿಯೂ ನನ್ನದು ತಪ್ಪಿದ ಕ್ರಮವೇ. ಪ್ರೋಗ್ರಾಮ್ ಎಂಬುದು ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಕೇಳಿ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು. ನಾನು ಮೊದಲು ಬಣ್ಣಗಳ ಪೆಟ್ಟಿಗೆಗೆ ಜಾಗ ಮಾಡಿ, ಆಮೇಲೆ ಅಂಚಿನ ಚಿತ್ರಕ್ಕೆ ಮಾಡಿದ್ದೆ. ಬಿಡುವಾಗಲೂ ಪೆಟ್ಟಿಗೆಯನ್ನೇ ಮೊದಲು ಬಿಟ್ಟಿದ್ದೆ. ಪಾಪ ಚಿತ್ರ, ಹೋಗುವ ಮುಂಚೆ ಬಣ್ಣ ಹಿಂತಿರುಗಿಸಲು ಹೋದರೆ ಅಲ್ಲಿ ಪೆಟ್ಟಿಗೆಯೇ ಇರಲಿಲ್ಲ. ಎರಡು ಸಾಲು ಅದಲುಬದಲು ಮಾಡಿದೆ. ಪ್ರೋಗ್ರಾಮ್ ತಣ್ಣಗೆ ಮುಚ್ಚಿಕೊಂಡಿತು.

ಆಮೇಲೆ ಎರಡು ದಿನ ಅವ್ವನ ಜೊತೆ ಕೂತು ಹರಿದ ಎಳೆ ಹುಡುಕಿಕೊಟ್ಟೆ, ಆಕೆ ಕೂಡಿಸಿದಳು. ಸೀರೆ ಮತ್ತೆ ಬಿಗಿಯಾಗಿ ನಿಂತಾಗ ನನಗೆ ಹೋದ ಜೀವ ಬಂತು. ಖುಷಿಯಲ್ಲಿ, "ಯವ್ವಾ, ಕಂಪ್ಯೂಟರಿಗೂ ನಿಂದ ಕಾಯ್ದೆ ನೋಡ. ಕಡೀಕ ಬಂದದ್ದು ಮದ್ಲ ಹೋಗಬೇಕು" ಎಂದೆ.

"ಹೌದ? ಹಂಗಾದ್ರ ಈ ನಡುಮನ್ಯಾಗ ಕಡೀಕ ಬಂದದ್ದು ಯಾವುದು?"

ಕಂಪ್ಯೂಟರ್ ಕಡೆ ನೋಡಿದೆ. ಸೋಲೊಪ್ಪದೆ, "ನಿನಗಿಂತ ಆಮ್ಯಾಲ ಬಂದಾಂವ ನಾನೂ ಅದೀನಲ್ಲಬೇ" ಎಂದುಬಿಟ್ಟೆ.

ಅವ್ವನ ಕೈ ನಿಂತಿತು. "ಬಿಡ್ತು ಅನ್ನು. ಅದು ಮಗ್ಗದ ಮಾತು, ಮನಷ್ಯಾರದಲ್ಲ."

"ಬಿಡ್ತು" ಎಂದೆ. ಆಕೆ ನನ್ನ ತಲೆ ಸವರಿದಳು, ಕೈಗೆ ನೂಲಿನ ಗಂಜಿಯ ವಾಸನೆಯಿತ್ತು. ಆ ಕೈ ಇನ್ನೂ ಬಹಳ ದಿನ ಮಗ್ಗದ ಮೇಲೆ ಇರಲಿ ಎನಿಸಿತು. ತಡಮಾಡದೆ ಕಂಪ್ಯೂಟರನ್ನು ಅಡುಗೆಮನೆಯ ಮೂಲೆಗೆ ಸಾಗಿಸಲು ಎದ್ದೆ. ಪ್ಲಗ್ ಕಿತ್ತೆ. ಪರದೆ ಕಪ್ಪಾಯಿತು. ಬೆಳಿಗ್ಗೆ ಅವ್ವನ ಜೊತೆ ಕೂರುವ ಮುಂಚೆ ಬರೆದದ್ದನ್ನು ಉಳಿಸಿಯೇ ಇರಲಿಲ್ಲ ಎಂಬುದು ಆಗ ನೆನಪಾಯಿತು.

"ಏನಾತು?" ಅವ್ವ ಮಗ್ಗದಿಂದ ತಲೆ ಎತ್ತದೆ ಕೇಳಿದಳು.

"ಏನಿಲ್ಲಬೇ, ಮತ್ತ ಹಗ್ಗ ಮದ್ಲ ಬಿಚ್ಚಿದೆ" ಎಂದೆ.