ಸೋದರಮಾವನ ಮೇಲೊಂದು ತಂತಿ

ನಾನು ಮಾನಿಟರ್ ಬದಲಿಸಿದ್ದರ ಪರಿಣಾಮವನ್ನು ಅನುಭವಿಸಿದವಳು ಖಾನಾಪುರದಲ್ಲಿ ಲಗ್ನಪತ್ರಿಕೆ ಮುದ್ರಿಸುವ ನನ್ನ ತಂಗಿ ಸಾವಿತ್ರಿ. ತಪ್ಪು ಮಾನಿಟರಿನದೆಂದು ನಾನು ಈಗಲೂ ವಾದಿಸಬಲ್ಲೆ. ಅವಳ ಕಂಪ್ಯೂಟರಿನ ಹಳೇ ಹೊಟ್ಟೆದಪ್ಪ ಮಾನಿಟರಿನ ಗಾಜಿನ ಹಿಂದೆ ಸಣ್ಣ ರಂಧ್ರಗಳ ಲೋಹದ ಹಾಳೆಯಿತ್ತು. ಹಿಂದಿನಿಂದ ಚಿಮ್ಮುವ ಕಿರಣಗಳಲ್ಲಿ ಬಹುಪಾಲನ್ನು ಅದು ತಡೆದು, ಕೆಲವಕ್ಕಷ್ಟೇ ಪ್ರವೇಶ ಕೊಡುತ್ತಿತ್ತು. ಇಂಥ ವ್ಯವಸ್ಥೆಯನ್ನು ಸಮಾಜದಲ್ಲೇ ಸಹಿಸದ ನಾನು ಮಾನಿಟರಿನಲ್ಲಿ ಸಹಿಸುವೆನೆ? ಬೆಳಗಾವಿಯ ಸದಾಶಿವನಗರದ ಗುಜರಿ ಅಂಗಡಿಯಲ್ಲಿ ಇನ್ನೊಂದು ಬಗೆಯದು ಸಿಕ್ಕಿತು. ಅದರಲ್ಲಿ ಹಾಳೆಯ ಬದಲು ಮೇಲಿನಿಂದ ಕೆಳಗೆ ಬಿಗಿದ ತಂತಿಗಳು, ಸಂದುಗಳಲ್ಲಿ ಧಾರಾಳ ಬೆಳಕು. ಹೊಸ ತೆಳುಪರದೆ ತರಬಾರದಿತ್ತೇ ಎಂದು ಕೇಳಬೇಡಿ. ನಡೆಯುವ ವಸ್ತುವನ್ನು ಎಸೆಯುವುದರ ವಿರುದ್ಧ ಶಿವಬಸವ ನಗರದಲ್ಲಿ ಭಾಷಣ ಮಾಡಿದವನು ನಾನೇ. ಆ ಭಾರದ ಪೆಟ್ಟಿಗೆಯನ್ನು ಹೊತ್ತು ಖಾನಾಪುರದ ಬಸ್ಸು ಹತ್ತಿ, ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. ಇದೂ ಅನ್ಯಾಯವೇ, ಆದರೆ ಬೇರೆ ಪ್ರಬಂಧದ ವಿಷಯ.

ಉದ್ದದ ತಂತಿಗಳು ಅದುರದಂತೆ ಅಡ್ಡಲಾಗಿ ಒಂದು ಸಣ್ಣ ತಂತಿ ಕಟ್ಟಿರುತ್ತಾರೆಂದೂ, ಬಿಳಿ ಪರದೆಯ ಮೇಲೆ ಅದರ ನೆರಳು ಕೂದಲೆಳೆಯಂತೆ ಕಾಣುತ್ತದೆಂದೂ ಗುಜರಿಯವನು ಹೇಳಲಿಲ್ಲ; ನಾನು ಅದನ್ನು ಸಾವಿತ್ರಿಯ ಕಂಪ್ಯೂಟರಿಗೆ ಜೋಡಿಸಿಯೇಬಿಟ್ಟೆ. ನಮ್ಮ ಕಡೆ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಹಿರಿಯರು ಬಂದು, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ, ಹೆಸರುಗಳ ಸಾಲನ್ನು ಪರದೆಯ ಮೇಲೆ ಒಪ್ಪಬೇಕು. ಅಂದು ವಧುವಿನ ಸೋದರಮಾವ ಈರಪ್ಪನವರು ಪತ್ನಿಸಮೇತ ಬಂದರು. ಗೆರೆ ನೆಟ್ಟಗೆ ಅವರ ಹೆಸರಿನ ನಡುವೆ ಹಾದಿತ್ತು.

“ನಾ ಇನ್ನೂ ಇಲ್ಲೇ ಕುಂತೇನಿ, ಆಗಳೇ ಹೊಡದ ಹಾಕೀರೇನ್ರಿ?” ಎಂದು ಎದ್ದೇಬಿಟ್ಟರು. ಬೆಳಗಾವಿಯಲ್ಲೇ ಮಾಡಿಸುತ್ತಾರಂತೆ. ಆ ಹಂಗಾಮಿನಲ್ಲಿ ಸಾವಿತ್ರಿಗೆ ಸಿಕ್ಕ ದೊಡ್ಡ ಕೆಲಸ ಅದೊಂದೇ. ನಾನು ಮುಂದೆ ಬಂದು ತಂತಿಯ ತತ್ವ ವಿವರಿಸಿದೆ: ಅದಿಲ್ಲದಿದ್ದರೆ ಉಳಿದವೆಲ್ಲ ನಡುಗುತ್ತವೆ, ಮನೆಯನ್ನು ಹಿಡಿದಿಡುವ ಹಿರಿಯನಿದ್ದಂತೆ.

“ಹಿಡದ ಇಡಾಕ ನನ್ನ ಕುತ್ತಿಗೀನ ಬೇಕಾತೇನ್ರಿ ಸರ?”

ಸಾವಿತ್ರಿ ಸಾಲುಗಳನ್ನು ತುಸು ಮೇಲೆ ಸರಿಸಿದಳು. ಗೆರೆ ಖಾಲಿ ಜಾಗಕ್ಕೆ ಬಂತು, ಈರಪ್ಪನವರು ಕುರ್ಚಿಗೆ ಬಂದರು. ಕೆಲಸ ಉಳಿಯಿತು. ಅಷ್ಟರಲ್ಲಿ ಅವರ ಪತ್ನಿ ಪರದೆಯ ತುಂಬ ಕಣ್ಣಾಡಿಸಿ ಹೇಳಿದರು: “ನಿಮ್ಮ ಹೆಸರಿನ ಮ್ಯಾಲೆ ಗೆರಿಯಾದ್ರೂ ಬಂತು. ನಂದು ಗೆರಿ ಹೊಡ್ಯಾಕೂ ಇಲ್ಲಲ್ರಿ.”

ಈರಪ್ಪನವರು ಮೀಸೆ ಸವರಿಕೊಂಡರು. ಸಾವಿತ್ರಿ ಆ ಹೆಂಗಸಿನ ಹೆಸರು ಕೇಳಿ, ಗಂಗವ್ವ ಎಂದು ಟೈಪು ಮಾಡಿದಳು. ಕಿರಣಗಳ ಹಕ್ಕಿಗಾಗಿ ಖಾನಾಪುರದವರೆಗೆ ಪ್ರಯಾಣ ಮಾಡಿದ ನನಗೆ, ಪಕ್ಕದಲ್ಲೇ ಕುಳಿತವರ ಹೆಸರು ಕೇಳಬೇಕೆಂದು ಹೊಳೆದಿರಲಿಲ್ಲ. ಆದ್ದರಿಂದ ಪತ್ರಿಕೆ ಬರೆಸುವ ಸಮಸ್ತ ಸೋದರಮಾವಂದಿರಲ್ಲಿ ನನ್ನ ಸ್ಪಷ್ಟ ಬೇಡಿಕೆ: ನಿಮ್ಮ ಸಾಲಿನಲ್ಲೇ, ನಿಮ್ಮಷ್ಟೇ ದೊಡ್ಡ ಅಕ್ಷರದಲ್ಲಿ, ಹೆಂಡತಿಯ ಹೆಸರನ್ನೂ ಹಾಕಿಸಿ. ಸಾಲು ಉದ್ದವಾದರೆ ನಿಮ್ಮ ‘ಶ್ರೀಮಾನ್’ ತೆಗೆಸಿ.