ಹಳದಿ ಫೋಲ್ಡರಿನ ನಾನಾ ವೇಷ

ಕಂಪ್ಯೂಟರ್ ಕಲಿಸುವ ನನ್ನಂಥವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಫೋನ್ ಮಾಡಿ, "ಮೇಡಂ, ಯಾವಾಗ ಬರ್ತೀರಿ?" ಎಂದು ಮನೆಗೆ ಕರೆಸಿಕೊಳ್ಳುತ್ತವೆ.

ನಾನು ಗದಗಿನ ಕಡೆಯವಳು. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ಮೇಲೆ, ಮಧ್ಯಾಹ್ನದ ಹೊತ್ತು ಗೃಹಿಣಿಯರಿಗೆ, ನಿವೃತ್ತರಿಗೆ, ಅಂಗಡಿ-ಹೋಟೆಲಿನವರಿಗೆ ಕಂಪ್ಯೂಟರ್ ಕಲಿಸಲು ಶುರುಮಾಡಿದೆ. ಪತ್ರ ಟೈಪ್ ಮಾಡುವುದು, ಲೈಟ್ ಬಿಲ್ ಕಟ್ಟುವುದು, ಇವನ್ನೆಲ್ಲ ಕಲಿಸುವಾಗ ಕ್ಲಾಸು ಆಕಳಿಸುತ್ತ ಕೂತಿರುತ್ತದೆ. ಎಲ್ಲರೂ ಎದ್ದು ಕೂರುವುದು ಒಂದೇ ಪಾಠಕ್ಕೆ. ಹಳದಿ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಆ ಹಳದಿ ಚಿತ್ರ ತೆಗೆದು, ಅದರ ಜಾಗದಲ್ಲಿ ನಮಗೆ ಬೇಕಾದ ಚಿತ್ರ ಕೂರಿಸುವ ಪಾಠ. ಐಕಾನ್ ಬದಲಿಸುವುದು ಅಂತಾರೆ. ನಮ್ಮ ಕಡೆಯ ಜನ ಹೊಸ ಫ್ಲ್ಯಾಟಿನ ಚಾವಿ ಕೈಗೆ ಬಂದ ಮರುದಿನವೇ ಬಿಲ್ಡರ್ ಹಾಕಿಸಿದ ಟೈಲ್ಸ್ ಒಡೆಸುವವರು. ಕಂಪ್ಯೂಟರನ್ನು ಬಿಟ್ಟಾರೆಯೇ? ಪಾಠ ಒಂದೇ ಮಧ್ಯಾಹ್ನದ್ದು. ಅದರ ಪರಿಣಾಮಗಳನ್ನು ಮಾತ್ರ ನಾನು ಇನ್ನೂ ರಿಪೇರಿ ಮಾಡುತ್ತಲೇ ಇದ್ದೇನೆ.

ಕಪಾಟು

ಡೊಂಬಿವಲಿಯ ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಒಬ್ಬ ಗೃಹಿಣಿ. ಬೆಳಗಾವಿ ಕಡೆಯವರು, ಮನೆಯನ್ನು ಕನ್ನಡಿಯಂತೆ ಇಡುವವರು. ಬಾಗಿಲಿಗೆ ಹೋದವರು ಚಪ್ಪಲಿಯನ್ನಲ್ಲ, ಕಾಲನ್ನೇ ಹೊರಗೆ ಬಿಟ್ಟು ಬರಬೇಕೇನೋ ಅನ್ನಿಸುವಷ್ಟು ಸ್ವಚ್ಛ. ಅವರಿಗೆ ಕಂಪ್ಯೂಟರಿನಲ್ಲಿ ಹಿಡಿಸದೆ ಇದ್ದದ್ದು ಒಂದೇ, ಕಸದ ಬುಟ್ಟಿ. ಬೇಡವಾದ ಫೈಲು ಹಾಕುವ ಆ ಬುಟ್ಟಿಯ ಚಿತ್ರ ಪರದೆಯ ಮೂಲೆಯಲ್ಲಿ ಸದಾ ಕಾಣುತ್ತದಲ್ಲ, ಅದು.

"ಮುಂಜಾನೆ ಎದ್ದು ಕಂಪ್ಯೂಟರ್ ಚಾಲೂ ಮಾಡಿದ್ರ ಮೊದಲ ಕಸದ ಮಾರಿ ನೋಡಬೇಕೇನ್ರಿ?" ಎಂದರು. ಐಕಾನ್ ಪಾಠ ಆದ ಕೂಡಲೇ ಮನೆಗೆ ಹೋಗಿ ಬುಟ್ಟಿಯ ಜಾಗದಲ್ಲಿ ಚೆಂದದ ಒಂದು ಮರದ ಕಪಾಟಿನ ಚಿತ್ರ ಹಾಕಿದರು. ಹೆಸರನ್ನೂ 'ಕಪಾಟು' ಎಂದು ಬದಲಿಸಿದರು. ಯಜಮಾನರಿಗೆ ಹೇಳುವುದನ್ನು ಮರೆತರು.

ಯಜಮಾನರು ರವಿವಾರ ಕೂತು ಮಗಳ ಸೀಮಂತದ ಫೋಟೋಗಳನ್ನೆಲ್ಲ ಮೊಬೈಲಿನಿಂದ ಕಂಪ್ಯೂಟರಿಗೆ ಇಳಿಸಿದರು. ಎಲ್ಲಿಡುವುದು? ಎದುರಿಗೇ ಭದ್ರವಾದ ಕಪಾಟು. ಒಂದೊಂದಾಗಿ ಎಳೆದು ಅದರೊಳಗೆ ಹಾಕಿದರು. ಜಾಗ ಉಳಿಯಲಿ ಎಂದು ಮೊಬೈಲಿನಿಂದಲೂ ಅಳಿಸಿದರು. ಶನಿವಾರ ಬಂತು. ಶನಿವಾರ ಅವರ ಮನೆಯಲ್ಲಿ ಮೂಲೆ ಮೂಲೆ ಝಾಡಿಸುವ ದಿನ. ಹೆಂಡತಿ ಕಂಪ್ಯೂಟರಿನ ಮುಂದೆಯೂ ಕೂತು 'ಕಪಾಟು' ಖಾಲಿ ಮಾಡಿದರು.

ನನಗೆ ಫೋನ್ ಬಂದಾಗ ಆಕೆ ಅಳುತ್ತಿದ್ದರು. ಹೋಗಿ ನೋಡಿದರೆ ಕಪಾಟು ಬರಿದು. ಅದೃಷ್ಟಕ್ಕೆ, ಅವೇ ಫೋಟೋಗಳನ್ನು ಅಳಿಯ ತನ್ನ ಮೊಬೈಲಿನಲ್ಲೂ ಇಟ್ಟುಕೊಂಡಿದ್ದ. ಅವನಿಂದ ಎಲ್ಲವನ್ನೂ ತರಿಸಿಕೊಟ್ಟೆ. ಆಕೆ ಕಣ್ಣೊರೆಸಿಕೊಂಡು ಚಹಾ ತರಲು ಒಳಗೆ ಹೋದರು. ಯಜಮಾನರು ಮಾತ್ರ ಶಾಂತವಾಗಿ ಕೂತಿದ್ದರು.

"ನಿಮಗೆ ಸಿಟ್ಟು ಬರಲಿಲ್ಲೇನ್ರಿ?" ಎಂದು ಕೇಳಿದೆ.

"ಎದಕ್ಕ ಸಿಟ್ಟು ಮಾಡ್ಕೊಳ್ಳೂದ್ರಿ ಮೇಡಂ? ನಮ್ಮ ಮನಿ ಖರೇ ಕಪಾಟದ ಹಣೇಬರಾನೂ ಇಷ್ಟ. ನಾ ಇಸ್ತ್ರಿ ಮಾಡಿ ಇಟ್ಟ ಶರ್ಟು, ಹಳೆ ಅರಬಿ ಇಸ್ಕೊಂಡು ಪಾತ್ರಿ ಕೊಡೂ ಭಾಂಡೆವಾಲಿ ಬಂದು ಹೋದಮ್ಯಾಲೆ ನೋಡಿದ್ರ ಸ್ಟೀಲ್ ಡಬ್ಬಿ ಆಗಿರ್ತದ."

ಕಾಣದ ಫೋಲ್ಡರ್

ಐರೋಲಿಯ ಒಬ್ಬ ಗೃಹಸ್ಥರಿಗೆ ಖಾಸಗಿ ಕಂಪನಿಯಲ್ಲಿ ನೌಕರಿ. ಮಾತು ಕಡಿಮೆ. ಕ್ಲಾಸಿನಲ್ಲಿ ಒಮ್ಮೆಯೂ ಬಾಯಿ ಬಿಡದವರು ಐಕಾನ್ ಪಾಠದ ದಿನ ಮಾತ್ರ ಎಲ್ಲರೂ ಹೋಗುವವರೆಗೆ ಕಾದು, ಹತ್ತಿರ ಬಂದು, "ಮೇಡಂ, ಚಿತ್ರಾನೂ ಇರಬಾರದು, ಹೆಸರೂ ಇರಬಾರದು, ಹಂಗ ಮಾಡಾಕ ಬರ್ತೈತೇನ್ರಿ?" ಎಂದು ಪಿಸುಗುಟ್ಟಿದರು.

ಬರುತ್ತದೆ. ಐಕಾನುಗಳ ಪಟ್ಟಿಯಲ್ಲಿ ಖಾಲಿ ಚಿತ್ರವೂ ಒಂದಿದೆ. ಹೆಸರಿನ ಜಾಗವನ್ನೂ ಖಾಲಿ ಬಿಡುವ ಉಪಾಯ ಇದೆ. ಹೇಳಿಕೊಟ್ಟೆ. ಯಾಕೆಂದು ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಅವರದೇ ಫೋನ್. ಗುಟ್ಟಿನ ಫೋಲ್ಡರನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದರೆಂದರೆ ಅದು ಈಗ ಅವರಿಗೇ ಸಿಗುತ್ತಿರಲಿಲ್ಲ. ಹೆಂಡತಿ ಭಜನಾ ಮಂಡಳಿಗೆ ಹೋಗುವ ಹೊತ್ತು ನೋಡಿ ನನ್ನನ್ನು ಕರೆಸಿದರು. ನಾನು ಪರದೆಯ ಮೇಲಿನದನ್ನೆಲ್ಲ ಒಟ್ಟಿಗೆ ಆರಿಸಿದೆ. ಖಾಲಿ ಜಾಗದಲ್ಲಿ ಒಂದು ನೀಲಿ ಚೌಕ ಮೂಡಿತು. ತೆರೆದರೆ ಒಳಗೆಲ್ಲ ಹಾಡುಗಳು. ಹಳೆಯ ಹಾಡುಗಳನ್ನು ಇವರೇ ಹಾಡಿ ರೆಕಾರ್ಡ್ ಮಾಡಿಕೊಂಡದ್ದು.

"ಸಣ್ಣಂದಿಂದ ಆಸೆ ಇತ್ರಿ. ಮನಿಯಾಕಿಗೆ ಗೊತ್ತಾದ್ರ ನಗ್ತಾಳ," ಎಂದು ಕಿವಿ ಕೆಂಪಗೆ ಮಾಡಿಕೊಂಡರು.

ಅಷ್ಟರಲ್ಲಿ ಬಾಗಿಲ ಬಳಿ ಹೆಂಡತಿ. ಆ ದಿನ ಭಜನೆ ಬೇಗ ಮುಗಿದಿತ್ತು. ಪರದೆ ನೋಡಿದರು, ಗಂಡನನ್ನು ನೋಡಿದರು, ಚಪ್ಪಲಿ ಬಿಡುತ್ತ ನನಗೆ ಹೇಳಿದರು:

"ನಂಗೊತ್ತಿಲ್ಲೇನ್ರಿ? ನಾ ಹೊರಗ ಹೋದ್ನೆಂದ್ರ ಇವ್ರು ಶುರು ಮಾಡ್ತಾರ, ಬಿಲ್ಡಿಂಗ್ ಮಂದಿ ಎಲ್ಲಾ ಕಿಡಕಿ ಮುಚ್ಚತಾರ. ಫೋಲ್ಡರ್ ಕಾಣದಂಗ ಮಾಡೂದು ಕಲಿಸೀರಿ, ಚಲೋ ಆತು. ಧ್ವನಿ ಕೇಳದಂಗ ಮಾಡೂದನ್ನೂ ಒಂದಿಷ್ಟು ಕಲಿಸಿಬಿಡ್ರಿ."

ಆಮೆ

ಕಲ್ಯಾಣದಲ್ಲಿ ವಧು-ವರರನ್ನು ಕೂಡಿಸುವ ಒಬ್ಬ ಹಿರಿಯಾಕೆ ಇದ್ದಾರೆ. ಮಾತಿನಲ್ಲಿ ಸಕ್ಕರೆ, ಲೆಕ್ಕದಲ್ಲಿ ಪಕ್ಕಾ. ಒಬ್ಬೊಬ್ಬ ಹುಡುಗ-ಹುಡುಗಿಗೂ ಅವರ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ ಒಂದೊಂದು ಫೋಲ್ಡರ್. ನನ್ನ ಪಾಠ ಆದಮೇಲೆ ಮನೆತನದ ಗುಣ ನೋಡಿ ಪ್ರತಿ ಫೋಲ್ಡರಿಗೂ ಚಿತ್ರ ಕೊಟ್ಟರು. ತಟ್ಟನೆ ಒಪ್ಪುವವರಿಗೆ ಲಾಡು. ಬಾಯಿ ಜೋರಿನವರಿಗೆ ಹುಲಿ. ವರ್ಷಗಟ್ಟಲೆ 'ನೋಡಿ ಹೇಳ್ತೀವಿ' ಎನ್ನುತ್ತ ಕೂರುವವರಿಗೆ ಆಮೆ.

ಒಂದು ದಿನ ಅವರ ಪ್ರಿಂಟರ್ ಸರಿಮಾಡಲು ಹೋಗಿದ್ದೆ. ಆಗಲೇ ವರನ ತಾಯಿಯೊಬ್ಬರು ಬಂದರು. ಕುರ್ಚಿ ಎಳೆದುಕೊಂಡು ಪರದೆಯ ಎದುರಿಗೇ ಕೂತರು. ಕೂತವರೇ ಮಗನ ಹೆಸರು ಓದಿಬಿಟ್ಟರು.

"ಇದೇನ್ರಿ ಬಾಯಾರ, ನಮ್ಮ ಹುಡುಗನ ಹೆಸರಿನ ಮ್ಯಾಲೆ ಆಮಿ ಕುಂತದ?"

ನನ್ನ ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು. ಈ ತಾಯಿ ಸಿಟ್ಟಾಗಿ ಹೊರಗೆ ಹೋಗಿ ಬಾಯಿ ತೆರೆದರೆ ಕಲ್ಯಾಣದಿಂದ ವಿಠ್ಠಲವಾಡಿವರೆಗೆ ಒಂದು ಮನೆಯವರೂ ಮತ್ತೆ ಇಲ್ಲಿಗೆ ಬರುವುದಿಲ್ಲ. ಹಿರಿಯಾಕೆಯ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ.

"ಆಮಿ ಅಂದ್ರ ಕೂರ್ಮಾವತಾರ ಅಲ್ಲೇನ್ರೀ ವೈನಿ? ದೊಡ್ಡ ಮನೆತನದವರಿಗಷ್ಟ ಹಾಕಿರ್ತೀನಿ. ದೀರ್ಘಾಯುಷ್ಯ, ಸ್ಥಿರ ಬುದ್ಧಿ. ಎಲ್ಲಾರಿಗೂ ಹಾಕಾಕ ಬರ್ತದೇನು?"

ಆ ತಾಯಿ ಹಿಗ್ಗಿ ಹೂವಾದರು. ಸ್ವಲ್ಪ ಹೊತ್ತು ಆಮೆಯನ್ನೇ ಪ್ರೀತಿಯಿಂದ ನೋಡಿ, ಮುಂದೆ ಬಗ್ಗಿ ಹೇಳಿದರು:

"ಹಂಗಾದ್ರ ನಮ್ಮ ಸಣ್ಣ ಮಗಗೂ ಆಮೀನೇ ಹಾಕಿಸೂಣೇನ್ರಿ? ಆದ್ರ ಗಡಿಬಿಡಿ ಮಾಡಬ್ಯಾಡ್ರಿ. ಮನಿಯಾಗ ಎಲ್ಲಾರನ್ನೂ ಕೇಳಿ, ದೀಪಾವಳಿ ಆದಮ್ಯಾಲೆ ನೋಡಿ ಹೇಳ್ತೀನಿ."

ವಿಸರ್ಜನೆ

ಠಾಣೆ ಪಕ್ಕದ ಕಳವಾ ಎಂಬ ಊರಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಕಾಕಾ. ವಿಜಯಪುರದ ಕಡೆಯವರು. ಭಕ್ತಿ ಬಹಳ. ಅವರ ಫೋಲ್ಡರುಗಳಿಗೆಲ್ಲ ದೇವರ ಚಿತ್ರ. ಲೈಟ್ ಬಿಲ್ಲಿಗೆ ಸೂರ್ಯ, ನೀರಿನ ಬಿಲ್ಲಿಗೆ ಗಂಗೆ, ಪೆನ್ಶನ್ನಿಗೆ ಲಕ್ಷ್ಮಿ. ದಿನಾ ಮುಂಜಾನೆ ಬಂಧು-ಬಳಗ ಕಳಿಸುವ ಶುಭೋದಯದ ಚಿತ್ರ, ವಿಡಿಯೋಗಳನ್ನು ತುಂಬಿಡುವ ಫೋಲ್ಡರಿಗೆ ಗಣಪತಿ. ಆ ಗಣಪತಿಯ ಹೊಟ್ಟೆ ಎಷ್ಟು ತುಂಬಿತ್ತೆಂದರೆ ಕಂಪ್ಯೂಟರ್ ಚಾಲೂ ಆಗುವಷ್ಟರಲ್ಲಿ ಕಾಕಾ ಸ್ನಾನ ಮುಗಿಸಿ ಬರುತ್ತಿದ್ದರು.

"ಕಾಕಾ, ಈ ಫೋಲ್ಡರ್ ತೆಗೆದು ಹಾಕಿದರೆ ಎಲ್ಲಾ ಸರಿ ಹೋಗ್ತದ," ಎಂದೆ.

"ಗಣಪ್ಪನ್ನ ಕಸದ ಬುಟ್ಟಿಗೆ ಹಾಕಂತೀರೇನವಾ?"

"ಮೊದಲು ಚಿತ್ರ ತೆಗೆದು ಮತ್ತ ಹಳದಿ ಮಾಡೂಣು. ಆಮ್ಯಾಲೆ ಹಾಕೂಣು."

"ಮಾರಿ ಮುಚ್ಚಿದ್ರ ದೇವರು ಹೋಗಿಬಿಡ್ತಾನೇನು?"

ಬಾಯಿಗೆ ಬಂದದ್ದನ್ನು ಹೇಳಿದೆ. "ವರ್ಷಾ ಗಣಪತಿ ವಿಸರ್ಜನೆ ಮಾಡೂದಿಲ್ಲೇನ್ರಿ ಕಾಕಾ? ಇದೂ ಹಂಗ ಅಂತ ತಿಳೀರಿ."

ಕಾಕಾನ ಮುಖ ಬೆಳಗಿತು. ಒಳಗಿದ್ದ ಹೆಂಡತಿಗೆ, ಅಂದರೆ ಕಾಕುಗೆ, ಕೂಗಿ ಹೇಳಿದರು. ಕಾಕು ಶಿರಾ ಮಾಡಿದರು, ಆರತಿ ತಟ್ಟೆ ತಂದರು. ಎದುರು ಮನೆಯ ಮರಾಠಿ ದಂಪತಿ ಗಂಟೆಯ ಸದ್ದಿಗೆ ಬಂದು, ಏನೆಂದು ಕೇಳದೆಯೇ ಕೈಮುಗಿದು ನಿಂತರು. ಕಸದ ಬುಟ್ಟಿ ಎಂಬ ಹೆಸರು ಬೇಡವೆಂದು ಅದಕ್ಕೆ 'ಖಾಡಿ' ಎಂದು ಹೆಸರಿಡಿಸಿದರು. ಸಮುದ್ರದ ನೀರು ಒಳನುಗ್ಗುವ ನಮ್ಮ ಠಾಣೆ ಖಾಡಿಯಲ್ಲೇ ಅಲ್ಲವೇ ಗಣಪತಿಗಳೆಲ್ಲ ಮುಳುಗುವುದು? ಆರತಿ ಆಯಿತು. ಕಾಕಾ ಮೌಸ್ ಹಿಡಿದು ಗಣಪತಿಯನ್ನು ಮೆಲ್ಲಗೆ ಎಳೆಯುತ್ತ ಖಾಡಿಗೆ ತಂದರು. ಎಲ್ಲರೂ ಕೂಡಿ ಕೂಗಿದೆವು, "ಗಣಪತಿ ಬಪ್ಪಾ ಮೋರಯಾ! ಪುಢಚ್ಯಾ ವರ್ಷೀ ಲವಕರ್ ಯಾ!" ಮುಂದಿನ ವರ್ಷ ಬೇಗ ಬಾ ಎಂದು. ಕಾಕಾ ಖಾಡಿ ಖಾಲಿ ಮಾಡಿದರು. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಶಿರಾ ತಿಂದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆಯೇ ಕಾಕಾನ ಫೋನ್. ಗಣಪತಿ ಮತ್ತೆ ಪರದೆಯ ಮೇಲೆ ಕೂತಿದ್ದಾನೆ! ವಿಚಾರಿಸಿದರೆ, ಕಾಕಾನ ಕಂಪ್ಯೂಟರಿನ ಒಂದು ಪ್ರತಿಯನ್ನು ಅವರ ಮಗ ಖಾರ್‌ಘರ್‌ನಲ್ಲಿ ಕೂತು ಆನ್‌ಲೈನಿನಲ್ಲಿ ಜೋಪಾನ ಮಾಡುತ್ತಿದ್ದ. ಅಪ್ಪ ತಪ್ಪಿ ಅಳಿಸಿದ್ದಾರೆಂದು ತಿಳಿದು, "ಪಪ್ಪಾ, ಟೆನ್ಶನ್ ಮತ್ ಲೋ, ಮೈನೇ ವಾಪಸ್ ಡಾಲ್ ದಿಯಾ," ಎಂದು ಅಲ್ಲಿಂದಲೇ ಮರಳಿ ಹಾಕಿದ್ದ.

ಕಾಕಾ ದನಿ ತಗ್ಗಿಸಿ ಹೇಳಿದರು: "ಬಾ ಅಂದದ್ದು ಮುಂದಿನ ವರ್ಷಕ್ಕವಾ. ಗಣಪ್ಪ ಲಗೂ ಬಾ ಅಂದದ್ದಷ್ಟ ಕೇಳಿಸ್ಕೊಂಡಾನ."

ಹಾಗಲಕಾಯಿ

ಠಾಣೆ ಸ್ಟೇಶನ್ನಿನ ಹತ್ತಿರ ಒಂದು ಹೋಟೆಲು. ಧನಿ ಉಡುಪಿ ಕಡೆಯವರು. ಅವರ ಕಂಪ್ಯೂಟರ್ ನೋಡಿದರೇ ಹಸಿವಾಗುತ್ತದೆ. ಬೆಳಗಿನ ತಿಂಡಿಯ ದರಪಟ್ಟಿಗೆ ದೋಸೆ, ಹಾಲಿನವನ ಬಿಲ್ಲುಗಳಿಗೆ ಕಾಫಿ ಲೋಟ. ಜಿಎಸ್‌ಟಿ ಕಾಗದಗಳ ಫೋಲ್ಡರಿಗೆ ಮಾತ್ರ ಹಾಗಲಕಾಯಿ. ಯಾಕೆಂದು ಕೇಳಿದ್ದಕ್ಕೆ, "ತಿಂಗಳು ತಿಂಗಳು ಬಾಯಿ ಕಹಿ ಮಾಡ್ತದಲ್ಲ ಮಾರಾಯ್ರೆ, ಅದಕ್ಕೆ," ಎಂದಿದ್ದರು. ಗಲ್ಲಾದಲ್ಲಿ ಕೂರುವ ಮ್ಯಾನೇಜರಿಗೂ ಧನಿಗೂ ಇದೇ ಭಾಷೆ ರೂಢಿಯಾಗಿತ್ತು. 'ದೋಸೆ ತೆಗಿ', 'ಲೋಟ ನೋಡು' ಎಂದರೆ ಸಾಕು.

ಒಮ್ಮೆ ಮ್ಯಾನೇಜರ್ ತಂಗಿಯ ಮದುವೆಗೆಂದು ಊರಿಗೆ ಹೋದರು. ಗಲ್ಲಾಕ್ಕೆ ಬಂದು ಕೂತವರು ಅಡಿಗೆಮನೆಯ ತರಕಾರಿ ನೋಡಿಕೊಳ್ಳುವ ಹಿರಿಯ ಭಟ್ರು. ಅವರಿಗೆ ಕಂಪ್ಯೂಟರಿನ ಗಂಧ ಇಲ್ಲ ಎಂದಲ್ಲ. ಬಿಲ್ ಮಾಡುವಷ್ಟು ಬರುತ್ತಿತ್ತು. ಚಿತ್ರಗಳ ಕಥೆ ಮಾತ್ರ ಯಾರೂ ಹೇಳಿರಲಿಲ್ಲ. ಅದೇ ದಿನ ಧನಿ ಗೋಡೌನ್ ನೋಡಲು ಭಿವಂಡಿಗೆ ಹೋಗಿದ್ದರು. ಅದೇ ದಿನ ರಿಟರ್ನ್ ತುಂಬಲು ಕಡೆಯ ದಿನ. ಸಿಎ ಸಾಹೇಬರು ಧನಿಗೆ ಫೋನ್ ಮಾಡಿ, ಕಾಗದ ಇನ್ನೂ ಬಂದಿಲ್ಲ ಎಂದು ರೇಗಿದರು. ಧನಿ ಲಾರಿಗಳ ಗದ್ದಲದ ಮಧ್ಯೆ ನಿಂತು ಹೋಟೆಲಿಗೆ ಫೋನ್ ಹಚ್ಚಿದರು. ಏನೇನು ಮಾತಾಯಿತೆಂದು ಆಮೇಲೆ ಇಬ್ಬರೂ ನನ್ನ ಮುಂದೆಯೇ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಹೇಳಿದರು.

"ಭಟ್ರೇ, ಆ ಹಾಗಲಕಾಯಿ ಉಂಟಲ್ಲ, ಅದನ್ನು ಈಗಲೇ ಸಿಎ ಆಫೀಸಿಗೆ ಕಳಿಸಿ."

"ಹಾಗಲಕಾಯಿಯಾ? ಎಷ್ಟು ಧನಿ?"

"ಎಷ್ಟು ಅಂತ ಎಂತ ಕೇಳ್ತೀರಿ? ಪೂರಾ ಕಳಿಸಿ! ಒಂದೂ ಬಿಡ್ಬೇಡಿ!"

"ಆಯ್ತು. ಕಟ್ ಮಾಡಿ ಕಳಿಸ್ಲಾ?"

"ಅಯ್ಯಯ್ಯೋ, ಕಟ್ ಮಾಡ್ಬೇಡಿ! ಕಟ್ ಮಾಡಿದ್ರೆ ನಮ್ಮ ಹತ್ರ ಎಂತದ್ದೂ ಉಳಿಯೂದಿಲ್ಲ! ಕಾಪಿ ಮಾಡಿ ಕಳಿಸಿ!"

ಗದ್ದಲದಲ್ಲಿ ಭಟ್ರಿಗೆ 'ಕಾಪಿ' ಎಂದದ್ದು 'ಕಾಫಿ' ಎಂದು ಕೇಳಿಸಿತು. ಧನಿಯ ಮಾತಿಗೆ ಎದುರಾಡುವ ಜನ ಅಲ್ಲ ಅವರು. ಆ ದಿನ ಬೆಳಿಗ್ಗೆಯಷ್ಟೇ ವಾಶಿ ಮಾರ್ಕೆಟಿನಿಂದ ಬಂದ ಹಾಗಲಕಾಯಿಯ ಗೋಣಿಯನ್ನು ಬಾಯಿ ಕಟ್ಟಿಸಿ, ಜೊತೆಗೆ ಒಂದು ಥರ್ಮಾಸ್ ಬಿಸಿ ಕಾಫಿ ತುಂಬಿಸಿ, ವೇಟರ್ ಒಬ್ಬನ ಸ್ಕೂಟರಿನಲ್ಲಿ ಸಿಎ ಆಫೀಸಿಗೆ ಕಳಿಸಿಬಿಟ್ಟರು. ಆಮೇಲೆ ಧನಿಗೆ ಫೋನ್ ಮಾಡಿ, "ಹೋಯ್ತು ಧನಿ. ಒಂದೂ ಬಿಡ್ಲಿಲ್ಲ. ಸ್ಕೂಟರ್ ಮೇಲೆ ಹಿಡೀಲಿಕ್ಕೇ ಕಷ್ಟ ಆಯ್ತು," ಎಂದರು.

ಸ್ಕೂಟರ್ ಎಂದದ್ದು ಕೇಳಿದ ಮೇಲೆ ಧನಿಗೆ ಬೆವರು. ನನಗೆ ಫೋನ್ ಮಾಡಿ, "ಮೇಡಂ, ನೀವು ಎಲ್ಲಿದ್ರೂ ಒಮ್ಮೆ ಹೋಟೆಲಿಗೆ ಹೋಗಿ, ಮರ್ಯಾದೆ ಉಳಿಸಿ," ಎಂದರು. ಪುಣ್ಯಕ್ಕೆ ನಾನು ಠಾಣೆಯಲ್ಲೇ ಇದ್ದೆ. ಹೋಗಿ, ಚಿತ್ರದ ಹಾಗಲಕಾಯಿ ತೆರೆದು, ಒಳಗಿನ ಕಾಗದಗಳನ್ನೆಲ್ಲ ಸಿಎ ಆಫೀಸಿಗೆ ಇಮೇಲ್ ಮಾಡಿದೆ. ಭಟ್ರು ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತ, "ಇದು ಹಾಗಲಕಾಯಿಯೇ ಹೌದಲ್ಲ? ಹಾಗಾದ್ರೆ ನಾನೆಂತ ತಪ್ಪು ಮಾಡಿದ್ದು?" ಎಂದು ಕೇಳುತ್ತಲೇ ಇದ್ದರು.

ಸಂಜೆ ಧನಿ ಓಡೋಡಿ ಬಂದರು. ಬಂದು ಕೂರುವಷ್ಟರಲ್ಲಿ ಸಿಎ ಸಾಹೇಬರ ಫೋನ್. ಬಹಳ ಖಡಕ್ ಮನುಷ್ಯ. ಅವರೆದುರು ನಿಂತು ಧನಿ ಒಮ್ಮೆಯೂ ಜೋರಾಗಿ ಉಸಿರಾಡಿದವರಲ್ಲ. ಬೈಗುಳ ತಾನೊಬ್ಬನೇ ಯಾಕೆ ಕೇಳಬೇಕೆಂದೋ ಏನೋ, ಸ್ಪೀಕರ್ ಹಾಕಿ ಭಟ್ರ ಕಡೆ ತಿರುಗಿಸಿ ಹಿಡಿದರು. ಆದರೆ ಫೋನಿನಲ್ಲಿ ಸಾಹೇಬರ ಮರಾಠಿ ಯಾವತ್ತೂ ಇಲ್ಲದಷ್ಟು ಮೆತ್ತಗಿತ್ತು. ಕಾಗದ ಸಿಕ್ಕಿತಂತೆ, ರಿಟರ್ನೂ ತುಂಬಿ ಆಯಿತಂತೆ. ಆಮೇಲೆ ಹೇಳಿದರು:

"ಶೇಟ್, ಕ್ಲೈಂಟುಗಳೆಲ್ಲ ಹಬ್ಬ ಹಬ್ಬಕ್ಕೆ ಪೇಡಾ, ಬರ್ಫಿ ಕಳಿಸಿ ನನ್ನ ಶುಗರ್ ಏರಿಸಿಟ್ಟಿದ್ದಾರೆ. ಇಳಿಸಬೇಕು ಅಂತ ಯೋಚಿಸಿದವರು ಇಡೀ ಠಾಣೆಯಲ್ಲಿ ನೀವೊಬ್ಬರೇ. ಕಾಫಿಗೂ ಸಕ್ಕರೆ ಹಾಕಿಸಿಲ್ಲ. ನಿಮಗೆ ನನ್ನ ಹೆಂಡತಿ ಹೇಳಿದಳೇ?"