ಹಗುರಾಗಲೊಲ್ಲದ ಕಾರು

"ಈ ಸಲ ಕಪ್ ನಂದ. ಶೋಕೇಸಿನ್ಯಾಗ ಜಾಗಾ ಮಾಡಿ ಇಡು."

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಶಶಿಧರ ಹೀಗೆ ಘೋಷಿಸಿದಾಗ ಅವನ ಹೆಂಡತಿ ಪ್ರಮಿಳಾ ಊಟದ ಡಬ್ಬಿಗೆ ರೊಟ್ಟಿ ಮಡಚಿ ಇಡುತ್ತಿದ್ದಳು. ತಲೆ ಎತ್ತಲಿಲ್ಲ.

"ಹೋದ ವರ್ಷ ಮಾಡಿದ ಜಾಗಾನ ಹಂಗ ಐತ್ರಿ. ವಾರಕ್ಕೊಮ್ಮೆ ಧೂಳಾ ಒರಸೂದ ನನಗ ಕೆಲಸ ಆಗೇತಿ. ಈ ಸಲಾನೂ ಗೆಲ್ಲಲಿಲ್ಲಂದ್ರ?"

"ಗೆಲ್ಲಲಿಲ್ಲಂದ್ರ ಗಾಡಿ ನಿಂದು. ದಿನಾ ನಂದಗಡದ ಸಾಲಿಗೆ ನೀನ ಹೊಡ್ಕೊಂಡು ಹೋಗು."

"ಮಾತು ಮಾತ ಏನ್ರಿ?"

"ಶಶಿಧರನ ಮಾತು."

ಪ್ರಮಿಳಾ ಡಬ್ಬಿಯ ಮುಚ್ಚಳ ಹಾಕಿದಳು. ಶಹಾಪುರದ ಮನೆಯಿಂದ ಆಟೊ ಹಿಡಿದು ಬಸ್ ಸ್ಟ್ಯಾಂಡು, ಅಲ್ಲಿಂದ ಖಾನಾಪುರಕ್ಕೆ ಒಂದು ಬಸ್ಸು, ಖಾನಾಪುರದಿಂದ ನಂದಗಡಕ್ಕೆ ಇನ್ನೊಂದು. ಹನ್ನೊಂದು ವರ್ಷದಿಂದ ಅವಳು ಹೀಗೇ ಸಾಲಿ ಕಲಿಸಲು ಹೋಗಿ ಬರುತ್ತಿದ್ದಳು. ಮದುವೆಗೆ ಮುಂಚೆ ಅಪ್ಪನ ಟ್ರ್ಯಾಕ್ಟರ್ ಹೊಡೆದು ಪಳಗಿದವಳು, ಲೈಸೆನ್ಸ್ ಇದ್ದವಳು. ಆದರೂ ಮನೆಯ ಕಾರು ಅಂಗಳದಲ್ಲಿ ಮುಸುಕು ಹೊದ್ದು ಮಲಗಿರುತ್ತಿತ್ತು, ಅವಳು ಬಸ್ಸಿನ ಕಂಬಿ ಹಿಡಿದು ನಿಂತಿರುತ್ತಿದ್ದಳು.

ಹಾಗೆಂದು ಅದು ದಿನಸಿ ತರುವ ಕಾರಲ್ಲ ಬಿಡಿ. ಇಂಜಿನ್ನಿಗೆ ಟರ್ಬೊ, ನಾಲ್ಕೂ ಗಾಲಿಗಳಿಗೆ ಎಳೆಯುವ ಶಕ್ತಿ ಇದ್ದ ಸೆಡಾನು. ಪುಣೆಯ ಯಾರೋ ಪುಣ್ಯಾತ್ಮರು ಬಳಸಿ ಬಿಟ್ಟದ್ದನ್ನು ಶಶಿಧರ ತಂದದ್ದೇ ಆಟೊಕ್ರಾಸಿಗೆಂದು. ಆಟೊಕ್ರಾಸ್ ಅಂದರೆ ಮತ್ತೇನಿಲ್ಲ, ಮಣ್ಣಿನ ಬಯಲಿನಲ್ಲಿ ಕೆಂಪು ಕೋನುಗಳನ್ನು ನಿಲ್ಲಿಸಿರುತ್ತಾರೆ. ಒಬ್ಬೊಬ್ಬರೇ ಅವುಗಳ ನಡುವೆ ಹಾವಿನಂತೆ ಸುತ್ತಿ ಬರಬೇಕು. ಕಡಿಮೆ ಸೆಕೆಂಡಿನಲ್ಲಿ ಬಂದವನು ಗೆದ್ದ. ಕೋನು ಬಿದ್ದರೆ ಒಂದಕ್ಕೆ ಎರಡು ಸೆಕೆಂಡು ದಂಡ. ಶಶಿಧರ ಎರಡು ವರ್ಷದಿಂದ ಓಂಕಾರನ ಕೈಲಿ ಸೋಲುತ್ತಿದ್ದ. ಓಂಕಾರನೆಂದರೆ ಉದ್ಯಮಬಾಗದಲ್ಲಿ ಇವನ ಮಷಿನ್ ಶಾಪಿನ ಗೋಡೆಗೆ ಹತ್ತಿದ, ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕೆಲಸ ಮಾಡುವವನು. ಗೋಡೆ ಒಂದೇ ಆದ್ದರಿಂದ ಸೋಲಿನ ಸುದ್ದಿಗೆ ನಡೆಯುವ ದೂರ ಕೂಡ ಇರಲಿಲ್ಲ.

ಶಶಿಧರ ಆ ಶಾಪಿನಲ್ಲಿ ಸೂಪರ್‌ವೈಸರ್. ಮಿಲಿಮೀಟರಿನ ನೂರನೇ ಭಾಗ ಹೆಚ್ಚುಕಡಿಮೆಯಾದರೂ ಹಿಡಿದುಬಿಡುವ ಕಣ್ಣು. ಆ ಕಣ್ಣಿನ ಜೊತೆಗೇ ಹುಟ್ಟಿಬಂದದ್ದು ಸಂಶಯ. ಹಾಲಿನವನ ಮಾಪು, ಪೆಟ್ರೋಲ್ ಪಂಪಿನ ಸೊನ್ನೆ, ಲಿಂಬೆಹಣ್ಣಿನ ಡಜನ್, ಯಾವುದನ್ನೂ ಅವನು ಒಂದೇ ಸಲಕ್ಕೆ ನಂಬಿದವನಲ್ಲ. ಹೆಂಡತಿ "ಇವತ್ತು ಪಲ್ಯಾ ಚಲೋ ಆಗೇತಿ" ಎಂದರೆ ಮೊದಲು ಅವಳಿಗೇ ಒಂದು ತುತ್ತು ತಿನ್ನಿಸಿ ನೋಡುವ ಪೈಕಿ.

ಈ ಸಲ ಅವನ ಮಂತ್ರ ಒಂದೇ, ತೂಕ ಇಳಿಸುವುದು. ಗಾಡಿ ಹಗುರಾದಷ್ಟೂ ಹಾರುತ್ತದೆ! ಮೊದಲ ವಾರ ಹಿಂದಿನ ಸೀಟು, ಸ್ಟೆಪ್ನಿ, ಜ್ಯಾಕು ಬಿಚ್ಚಿದ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ತಳಕ್ಕೊಂದು ರಬ್ಬರ್ ಬಿರಡೆ ಇರುತ್ತದೆ, ಅದನ್ನೂ ಕಿತ್ತ. "ಅದು ಎಷ್ಟು ತೂಕ ಇದ್ದೀತ್ರಿ?" ಎಂದಳು ಪ್ರಮಿಳಾ. "ಇಪ್ಪತ್ತು ಗ್ರಾಂ. ಕಪ್ ಹೋಗೂದ ಇಂಥಾದ್ರಾಗ" ಎಂದು ಗುಂಡಿಯ ಮೇಲೆ ಕಾರ್ಪೆಟ್ ಎಳೆದ. ಉದ್ಯಮಬಾಗದ ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿದಾಗ ಸಾವಿರದ ನಾಲ್ಕುನೂರಾ ಇಪ್ಪತ್ತು ಕಿಲೊ. ಅರವತ್ತು ಕಿಲೊ ಇಳಿದಿತ್ತು. ಶಶಿಧರನಿಗೆ ತಾನೇ ಅರವತ್ತು ಕಿಲೊ ಇಳಿದಷ್ಟು ಹಿಗ್ಗು.

ಬಿಚ್ಚಿದ ಸೀಟು ಪಡಸಾಲೆಗೆ ಬಂತು. ಪಕ್ಕದ ಮನೆಯ ಚಂದ್ರವ್ವ ಸಕ್ಕರೆ ಕೇಳಲು ಬಂದವಳು ಸೋಫಾ ಅಂದುಕೊಂಡು ಕುಳಿತು, ಕೈಗೆ ಸಿಕ್ಕ ಬೆಲ್ಟು ಸಿಕ್ಕಿಸಿಕೊಂಡು, ಬಿಡಿಸಲು ಬಾರದೆ ಅರ್ಧ ತಾಸು ಅಲ್ಲೇ ಚಹಾ ಕುಡಿದು ಹೋದಳು.

ಆ ರವಿವಾರ ಶಶಿಧರ ತಾಲೀಮಿಗೆ ಖಾನಾಪುರಕ್ಕೆ ಹೋದ. ಮಾವ ರಾಯಪ್ಪನ ಭತ್ತದ ಗದ್ದೆ ಕೊಯ್ಲಾಗಿ ಖಾಲಿ ಬಿದ್ದಿತ್ತು. ಡಿಕ್ಕಿಯಿಂದ ಕೋನು ತೆಗೆದು ಜೋಡಿಸಿ ಸುತ್ತಿದ, ಅರವತ್ನಾಲ್ಕು ಸೆಕೆಂಡು. ಊಟ ಮುಗಿಸಿ ಹೊರಡುವಾಗ ಅತ್ತೆ ಫಕೀರವ್ವ ಒಂದು ಚೀಲ ಹಿಡಿದು ಬಾಗಿಲಿಗೆ ಬಂದಳು.

"ಅಳಿಯಾರ, ಹೊಸಾ ಅಕ್ಕಿ ಐತ್ರಿ. ಸ್ವಲ್ಪ."

"ಅತ್ತೀ, ಒಂದು ಬಾಳೆಹಣ್ಣು ಸುದ್ದಾ ಹಾಕಬ್ಯಾಡ್ರಿ. ಈ ಗಾಡಿಗೆ ತೂಕ ಅಂದ್ರ ವಿಷ."

"ಮಗಳ ಮನಿಗೆ ಗಾಡಿ ಖಾಲಿ ಕಳಸೂದು ಹೆಂಗ್ರಿ? ನೋಡಿದವರು ಏನಂದಾರು?"

"ಏನರ ಅನ್ಲಿ. ಹಾಕಿದ್ರ ನಾ ಮತ್ತ ಈ ಹೊಸ್ತಿಲಾ ತುಳಿಯೂದಿಲ್ಲ ನೋಡ್ರಿ."

ಆ ಮನೆಯಲ್ಲಿ ಅಳಿಯನಿಗೆ ಎದುರು ಮಾತಾಡುವ ರೂಢಿ ಇಲ್ಲ. ಫಕೀರವ್ವ ಸೆರಗು ಸರಿಮಾಡಿಕೊಂಡು, "ಕೈ ತೊಳದಿರೇನ್ರಿ? ಎಲಿ ಅಡಿಕಿ ಹಾಕ್ಕೊಂಡು ಹೋಗ್ರಿ" ಎಂದಷ್ಟೇ ಹೇಳಿ ಒಳಗೆ ಕರೆದಳು. ಡಿಕ್ಕಿ ಬಾಯಿ ತೆರೆದುಕೊಂಡು ಹೊರಗೆ ನಿಂತಿತ್ತು. ಎಲೆ ಅಡಿಕೆ ಮುಗಿಯಲು ಹತ್ತು ನಿಮಿಷ ಹಿಡಿಯಿತು.

ಮುಂದಿನ ವಾರ ಶಶಿಧರ ಚಾಲಕನ ಪಕ್ಕದ ಸೀಟನ್ನೂ ಬಿಚ್ಚಿ ಪಡಸಾಲೆಗೆ ಹಾಕಿದ. ಇಪ್ಪತ್ತೈದು ಕಿಲೊ! ಎದೆ ಉಬ್ಬಿಸಿಕೊಂಡು ಕಾಟಾಕ್ಕೆ ಹೋದ. ಕಾಟಾದ ಮಾಯಪ್ಪ ಚೀಟಿ ಹರಿದು ಕೊಟ್ಟ. ಸಾವಿರದ ನಾಲ್ಕುನೂರಾ ಇಪ್ಪತ್ತು.

"ಮಾಯಪ್ಪಾ, ನಿನ್ನ ಕಾಟಾ ಕೆಟ್ಟೈತಿ."

"ಈಗ ಕಬ್ಬಿಣದ ಲಾರಿ ತೂಗೇನ್ರಿ. ಯಾರೂ ಏನೂ ಅನ್ನಲಿಲ್ಲ."

"ಹಂಗಾರ ಇಪ್ಪತ್ತೈದು ಕಿಲೊ ಎಲ್ಲಿಂದ ಬಂತು?"

"ನೀವು ಏನರ ಜಾಸ್ತಿ ಉಂಡೀರೇನ್ರಿ?"

ಶಶಿಧರ ಗಾಡಿಯಿಂದ ಇಳಿದು ತೂಗಿಸಿದ್ದ. ಮಾಯಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಓಂಕಾರ ಇವನಿಗೆ ಚಹಾ ಕುಡಿಸುವುದನ್ನು ತಾನು ಎರಡು ಸಲ ಕಣ್ಣಾರೆ ಕಂಡಿಲ್ಲವೆ? ಓಂಕಾರನ ಫೌಂಡ್ರಿಯಲ್ಲಿ ಬೀಡು ಕಬ್ಬಿಣದ ತುಂಡುಗಳಿಗೆ ಬರವೆ? ಅಲ್ಲಿಗೆ ಲೆಕ್ಕ ಕೂಡಿತು, ಇಬ್ಬರೂ ಸೇರಿ ಗಾಡಿಯಲ್ಲಿ ಕಬ್ಬಿಣ ಅಡಗಿಸಿದ್ದಾರೆ. ಶಶಿಧರ ಅಂಗಳದಲ್ಲಿ ಗಾಡಿಯ ಹೊಟ್ಟೆಯ ಕೆಳಗೆ ಬ್ಯಾಟರಿ ಹಿಡಿದು ತೆವಳಿದ. ಬಂಪರಿನೊಳಗೆ, ಗಾಲಿಗಳ ಹಿಂದೆ, ಬಾನೆಟ್ಟಿನ ಸಂದಿಗಳಲ್ಲಿ ಕೈಯಾಡಿಸಿದ. ಕಬ್ಬಿಣದ ಚೂರೂ ಸಿಗಲಿಲ್ಲ. ಸ್ಟೆಪ್ನಿಯ ಗುಂಡಿಯನ್ನು ಮಾತ್ರ ನೋಡಲಿಲ್ಲ. ತಾನೇ ಕೈಯಾರೆ ಖಾಲಿ ಮಾಡಿದ ಗುಂಡಿಯನ್ನು ಯಾರಾದರೂ ಮತ್ತೆ ನೋಡುತ್ತಾರೆಯೇ?

ಅಂದಿನಿಂದ ಕಾರಿನ ಚಾವಿ ಅವನ ಉಡದಾರಕ್ಕೆ ಸೇರಿತು. ಸ್ನಾನಕ್ಕೆ ಹೋದರೂ ಅದರ ಜೊತೆಗೇ.

ಎರಡನೆಯ ರವಿವಾರ ಗದ್ದೆಯಲ್ಲಿ ಅರವತ್ತೊಂದು ಸೆಕೆಂಡು. ತಿರುವುಗಳಲ್ಲಿ ಗಾಡಿ ಬೆಣ್ಣೆಯಂತೆ ತಿರುಗಿತು. "ಎಲ್ಲಾ ನನ್ನ ಕೈಚಳಕ" ಎಂದುಕೊಂಡು ಎರಡು ರೊಟ್ಟಿ ಹೆಚ್ಚೇ ತಿಂದ. ಅತ್ತೆ ಎಲೆ ಅಡಿಕೆಗೆ ಕರೆದಳು. ಮರುವಾರ ಏಸಿ, ಸ್ಪೀಕರುಗಳು, ಬಾಗಿಲ ಒಳಗಿನ ಹೊದಿಕೆ ಎಲ್ಲ ಬಿಚ್ಚಿದ. ಮೂವತ್ತು ಕಿಲೊ! ಪಡಸಾಲೆಯಲ್ಲಿ ಅರ್ಧ ಕಾರು ನಿಂತಿತು, ಅಂಗಳದಲ್ಲಿ ಅರ್ಧ. ಕಾಟಾದ ಚೀಟಿ ಬಂತು. ಸಾವಿರದ ನಾಲ್ಕುನೂರಾ ಇಪ್ಪತ್ತು.

ಶಶಿಧರ ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಮನೆಗೆ ಬಂದಾಗ ಪ್ರಮಿಳಾ ಅಡಿಗೆಮನೆಯಲ್ಲಿ ಫೋನಿಗೆ ಪಿಸುಗುಡುತ್ತಿದ್ದಳು.

"ಇನ್ನ ಹಾಕಬ್ಯಾಡ ಯವ್ವಾ. ಚಾವಿ ಅವರ ಹತ್ರ ಐತಿ, ನಾ ಹೆಂಗ ತೆಗೀಲಿ? ಗೊತ್ತಾದ್ರ ರಂಪ ಮಾಡ್ತಾರ."

"ಏನು ಹಾಕಬ್ಯಾಡ?" ಎಂದ ಶಶಿಧರ ಬಾಗಿಲಲ್ಲಿ ನಿಂತು.

ಪ್ರಮಿಳಾ ಫೋನು ಇಟ್ಟಳು. "ಉಪ್ಪಿನಕಾಯಿಗೆ ಉಪ್ಪು."

"ಉಪ್ಪಿನಕಾಯಿಗೆ ಚಾವಿ ಯಾಕ ಬೇಕು?"

"ಕಪಾಟಿನ ಚಾವಿ. ನಮ್ಮಪ್ಪಗ ಬಿಪಿ ಐತಲ್ರಿ, ಬರಣಿ ಒಳಗಿಟ್ಟು ಕೀಲಿ ಹಾಕ್ಯಾರ."

ಉತ್ತರ ಇಷ್ಟು ಸಲೀಸಾಗಿ ಬಂದದ್ದೇ ಶಶಿಧರನಿಗೆ ಸಂಶಯ. ಅಂದು ಮೊದಲ ಸಲ ಅವನ ತಲೆಗೆ ಹೊಳೆಯಿತು. ತಾನು ಸೋತರೆ ಲಾಭ ಯಾರಿಗೆ? ಓಂಕಾರನಿಗೆ ಒಂದು ಕಪ್ ಸಿಗುತ್ತದೆ, ಅಷ್ಟೆ. ಪ್ರಮಿಳಾಗೆ ಇಡೀ ಕಾರೇ ಸಿಗುತ್ತದೆ! ಹನ್ನೊಂದು ವರ್ಷ ಒಂದೇ ಸೂರಿನಡಿ ಬದುಕಿದ ಹೆಂಡತಿ. ಅವನಿಗೆ ನಿಜವಾಗಿಯೂ ದುಃಖವಾಯಿತು. ಚಾವಿಯನ್ನು ಉಡದಾರಕ್ಕೆ ಇನ್ನೊಂದು ಗಂಟು ಬಿಗಿದ.

ಪಂದ್ಯ ಖಾನಾಪುರದ ಹೊರಗೆ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಬಯಲಿನಲ್ಲಿ. ಕಾರಿನಲ್ಲಿ ಎರಡನೆಯ ಸೀಟೇ ಇಲ್ಲದ್ದರಿಂದ ಪ್ರಮಿಳಾ ಬಸ್ಸಿನಲ್ಲಿ ಬಂದು, ಅಪ್ಪ ಅವ್ವನ ಜೊತೆ ಹಗ್ಗದ ಆಚೆ ನಿಂತಿದ್ದಳು. ಬೆಳಿಗ್ಗೆ ಒಂದು ಸುತ್ತು ರೂಢಿಗೆ, ಮಧ್ಯಾಹ್ನದ ಒಂದು ಸುತ್ತು ಮಾತ್ರ ಲೆಕ್ಕಕ್ಕೆ. ಬೆಳಗಿನ ಸುತ್ತಿನಲ್ಲಿ ಶಶಿಧರನದು ಐವತ್ತೆಂಟು ಸೆಕೆಂಡು. ಓಂಕಾರನದು ಅರವತ್ತು. ಮೈಕಿನವನು ಶಶಿಧರನ ಹೆಸರನ್ನು ಎರಡು ಸಲ ಕೂಗಿದ. ಶಶಿಧರ ಹೆಲ್ಮೆಟ್ ತೆಗೆದು ಕೂದಲು ಬಾಚಿಕೊಂಡ. ಫೋಟೊಕ್ಕೆ ಬೇಕಾಗುತ್ತದಲ್ಲ.

ಆಗ ಓಂಕಾರ ನಡೆದುಬಂದ. ಅವನ ಮುಖದಲ್ಲಿ ಹೊಟ್ಟೆಕಿಚ್ಚಿಗಿಂತ ಗಾಬರಿ ಹೆಚ್ಚಿತ್ತು.

"ಶಶ್ಯಾ, ನಿನ್ನ ಗಾಡಿ ಅಕ್ಕಿ ಉದರಸಾಕತ್ತೈತಲ್ಲೋ."

ಶಶಿಧರ ತಿರುಗಿ ನೋಡಿದ. ಕೆಂಪು ಮಣ್ಣಿನ ಮೇಲೆ ಕೊನೆಯ ತಿರುವಿನಿಂದ ತನ್ನ ಗಾಡಿಯ ಬಾಲದವರೆಗೆ ಬಿಳಿಯ ಗೆರೆ. ಬಿರಡೆ ಕಿತ್ತ ತೂತಿನಿಂದ ಅಕ್ಕಿ ಇನ್ನೂ ಸುರಿಯುತ್ತಿತ್ತು. ಎರಡು ಕೋಳಿಗಳು ಆಗಲೇ ಬಂದಿದ್ದವು.

ಡಿಕ್ಕಿ ತೆಗೆದ, ಕಾರ್ಪೆಟ್ ಎತ್ತಿದ. ಇಪ್ಪತ್ತೈದು ಕಿಲೊ ಅಕ್ಕಿಯ ಚೀಲ, ಅದರ ಮೂಲೆಯಲ್ಲೊಂದು ತೂತು. ಸುತ್ತ ಸಂದಿಯಿಲ್ಲದಂತೆ ಗೆಣಸು, ಅವಲಕ್ಕಿ, ಹುರುಳಿ, ಒಂದು ಬರಣಿ ಉಪ್ಪಿನಕಾಯಿ. ಫಕೀರವ್ವ ಅಚ್ಚುಕಟ್ಟಾದ ಹೆಂಗಸು. ಅಲ್ಲಾಡಿ ಸದ್ದಾಗದಂತೆ ಎಲ್ಲಕ್ಕೂ ಹಳೆಯ ಕಂಬಳಿ ತುಂಡು ಗಿಡಿದಿದ್ದಳು.

"ಅತ್ತೀ, ಏನಿದು?"

ಫಕೀರವ್ವ ಸೆರಗಿನ ಮರೆಯಲ್ಲಿ ಹೇಳಿದಳು. "ತಪ್ಪಾತ್ರಿ ಅಳಿಯಾರ. ಖಾಲಿ ಗುಂಡಿ ಕಂಡು ಮನಸ್ಸು ತಡೀಲಿಲ್ರಿ. ಮಗಳ ಮನಿಗೆ ಗಾಡಿ ಹೊಂಟಿತ್ತಲ್ರಿ."

"ಮಗಳಿಗೆ ಗಾಡಿನ ಸಿಗಲಿ ಅಂತ ತಾಯಿ ಮಗಳು ಕೂಡೇ ಮಾಡೀರಿ. ನನಗ ಗೊತ್ತಿಲ್ಲಂತ ತಿಳದೀರೇನು?" ಶಶಿಧರ ಗೆಣಸು ಎತ್ತಿ ಎತ್ತಿ ಹೊರಗೆ ಒಗೆಯತೊಡಗಿದ. ಫಕೀರವ್ವನ ಕಣ್ಣು ತುಂಬಿತು.

ರಾಯಪ್ಪ ಅಳಿಯನಿಗೆ ಎದುರಾಡುವವನಲ್ಲ. ಆದರೂ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅಳಿಯಾರ, ಚಕ್ಕಡಿಗೆ ಮುಂದ ಭಾರ ಬಿದ್ರ ಎತ್ತು ಸರಳ ತಿರಗೂದಿಲ್ರಿ. ಹಿಂದೂ ಒಂದಿಷ್ಟು ಹೇರಬೇಕ್ರಿ. ನಿಮ್ಮ ಗಾಡೀದು ಇಂಜಿನ್ ಎಲ್ಲಾ ಮುಂದ ಐತಿ. ಬೆಳಿಗ್ಗೆ ಚಂದ ತಿರಗ್ತಲ್ರಿ, ಇರ್ಲಿ."

"ಮಾವಾರ, ಇದು ಚಕ್ಕಡಿ ಅಲ್ರಿ, ಟರ್ಬೊ."

ಆಗ ಪ್ರಮಿಳಾ ಹತ್ತಿರ ಬಂದಳು. ಗಂಡನ ಮುಖ ನೋಡಿ ಮೆಲ್ಲಗೆ, ಸ್ಪಷ್ಟವಾಗಿ ಹೇಳಿದಳು. "ತೆಗೀಬ್ಯಾಡ್ರಿ. ತೆಗದ್ರ ಸೋಲ್ತೀರಿ."

ಶಶಿಧರನ ಕಣ್ಣು ಸಣ್ಣದಾಯಿತು. ಸೋತರೆ ಕಾರು ಪಡೆಯುವವಳೇ ಸೋಲಬೇಡಿ ಅನ್ನುತ್ತಿದ್ದಾಳೆ! ಇದರಲ್ಲೇನೋ ಐತಿ. ತೆಗೆಯಬೇಡ ಅಂದಳೆಂದರೆ ಖಂಡಿತ ತೆಗೆಯಲೇಬೇಕು. ಅಕ್ಕಿಯ ಚೀಲ ಎತ್ತಿ ಅವಳ ಕಾಲ ಬಳಿ ಇಟ್ಟ. ಬರಣಿಯನ್ನು ಅದರ ಮೇಲಿಟ್ಟ. ಅವಲಕ್ಕಿಯ ಒಂದು ಎಸಳೂ ಉಳಿಯದಂತೆ ಗುಂಡಿ ಒರೆಸಿದ.

ಮಧ್ಯಾಹ್ನ ಬಾವುಟ ಬಿತ್ತು. ಹಗುರಾದ ಗಾಡಿ ಬಾಣದಂತೆ ಚಿಮ್ಮಿತು. ಬಾಣದಂತೆಯೇ ನೆಟ್ಟಗೆ ಹೋಯಿತು. ಮೊದಲ ತಿರುವಿನಲ್ಲಿ ಶಶಿಧರ ಸ್ಟೇರಿಂಗ್ ಎಡಕ್ಕೆ ತಿರುಗಿಸಿದ, ಗಾಡಿ ಕೇಳಿಸಿಕೊಳ್ಳಲಿಲ್ಲ. ಒಂದು ಕೋನು ಹೋಯಿತು. ಎರಡನೆಯ ತಿರುವಿನಲ್ಲಿ ಬಲಕ್ಕೆ ತಿರುಗಿಸಿದ, ಬಾಲ ಅತ್ತ, ಮೂಗು ಇತ್ತ, ಮೂರು ಕೋನುಗಳು. ಕೊನೆಯ ತಿರುವನ್ನು ಗಾಡಿ ತೆಗೆದುಕೊಳ್ಳಲೇ ಇಲ್ಲ. ಹಗ್ಗ ಹರಿದುಕೊಂಡು ಹೋಗಿ, ಬಹುಮಾನ ಜೋಡಿಸಿದ ಮೇಜಿನ ಮುಂದೆ ಒಂದು ಗೇಣು ಬಿಟ್ಟು ನಿಂತಿತು. ಮೂರು ವರ್ಷದಲ್ಲಿ ಶಶಿಧರ ಕಪ್ಪಿಗೆ ಅಷ್ಟು ಹತ್ತಿರ ಹೋದದ್ದು ಅದೇ ಮೊದಲು.

ಓಂಕಾರ ಕಪ್ ಎತ್ತಿಕೊಂಡು, ಕಾರಿನ ಕಿಟಕಿಯಲ್ಲಿ ಬಗ್ಗಿ ಕೇಳಿದ. "ಅಕ್ಕಿ ಯಾಕ ತೆಗದ್ಯೋ?"

ಸಂಜೆ ಶಶಿಧರ ಅತ್ತೆಯ ಮುಂದೆ ನಿಂತು, "ತಪ್ಪಾತ್ರಿ" ಎಂದ. ಫಕೀರವ್ವ ಚೀಲದ ತೂತು ಹೊಲಿದು, ಮೇಲೆ ಮತ್ತೆರಡು ಸೇರು ಅಕ್ಕಿ ಹಾಕಿ ಬಾಯಿ ಕಟ್ಟಿದಳು. ಉಡದಾರದಿಂದ ಚಾವಿ ಬಿಚ್ಚಲು ಶಶಿಧರನಿಗೆ ಐದು ನಿಮಿಷ ಬೇಕಾಯಿತು. ಗಂಟು ತಾನೇ ಹಾಕಿದ್ದು.

ಪ್ರಮಿಳಾ ಚಾಲಕನ ಸೀಟಿನಲ್ಲಿ ಕುಳಿತಳು. ಅದೊಂದೇ ಸೀಟು. ಶಶಿಧರ ಹಿಂದೆ, ತಗಡಿನ ಮೇಲೆ ಅಕ್ಕಿಯ ಚೀಲ ಹಾಕಿಕೊಂಡು ಅದರ ಮೇಲೆ ಕುಳಿತ. ಉಪ್ಪಿನಕಾಯಿಯ ಬರಣಿ ತೊಡೆಯ ಮೇಲೆ. ಖಾನಾಪುರ ದಾಟಿದ ಮೇಲೆ ಅವನಿಗೆ ಒಂದು ಸಂಶಯ ಬಂತು. ಬಂದದ್ದು ಬಂದೇಬಿಟ್ಟಿತು.

"ಪ್ರಮಿಳಾ."

"ಏನ್ರಿ?"

"ತೆಗೀಬ್ಯಾಡ ಅಂತ ಹೇಳಿದಿ ಅಲ್ಲ? ನೀ ಹಂಗಂದ್ರ ನಾ ತೆಗದ ತೆಗೀತೇನಿ ಅಂತ ನಿನಗ ಗೊತ್ತಿತ್ತನ?"

ಮುಂದೆ ದೊಡ್ಡ ತಿರುವು ಬಂತು. ಪ್ರಮಿಳಾ ಗೇರು ಬದಲಿಸಿ, ಕೈ ಮೇಲೆ ಕೈ ಬಾರದಂತೆ, ನೀರು ಹರಿದಂತೆ ತಿರುಗಿಸಿದಳು. ಗಾಡಿ ಕೊಂಚವೂ ಜಾರಲಿಲ್ಲ. ಕನ್ನಡಿಯಲ್ಲಿ ಗಂಡನನ್ನು ನೋಡಿದಳು.

"ಖರೇ ಹೇಳ್ಲೇನ್ರಿ? ನೀವು ಹಿಂದ ಕುಂತ್ರ ಗಾಡಿ ಭಾಳ ಚಂದ ತಿರಗತೈತಿ."